ಉಪದೇಶಿ ಚಿನ್ನಪ್ಪನವರ ಜನ್ಮಪಾಪ

ಪಾಪ ಎಂಬ ಮಾತು ಬಂದಾಗಲೆಲ್ಲ ಉಪದೇಶಿ ಚಿನ್ನಪ್ಪನವರ ತೋರುಬೆರಳು ಹೆಂಗಸರು ಕೂತ ಚಾಪೆಗಳ ಕಡೆಗೇ ತಿರುಗುತ್ತಿತ್ತು. ಗಂಡಸರು ಕೂರುತ್ತಿದ್ದ ಬಲಗಡೆಗೆ ಅದು ಹೋದದ್ದನ್ನು ನಾನೆಂದೂ ಕಂಡಿಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ತಮ್ಮ ದನಿಯನ್ನು ತಾವೇ ಮೆಚ್ಚಿ ಕೇಳುತ್ತಿರುವಂತೆ ಅರ್ಧ ಮುಚ್ಚಿದ ಕಣ್ಣು. ಹನೂರಿನಾಚೆಯ ನಮ್ಮ ಪುಟ್ಟ ಚರ್ಚಿಗೆ ಫಾದರ್ ಬರುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನ ಮಕ್ಕಳಿಗೆ ಜ್ಞಾನೋಪದೇಶ ಹೇಳುವುದು, ಜಪ ನಡೆಸುವುದು, ಯಾರ ಮನೆಯ ಹುಡುಗಿ ಯಾರ ಜೊತೆ ಬಸ್ಸು ಹತ್ತಿದಳೆಂದು ವಿಚಾರಿಸುವುದು, ಎಲ್ಲ ಇವರ ಪಾಲು.

ಅವರ ಮಗಳು ಆರೋಗ್ಯ ಮೇರಿ ನನ್ನ ಓರಗೆಯವಳು. ಆದಾಮ ಏವೆಯರ ಪಾಠದ ದಿನ ಅವಳೇ ಎದ್ದು ಅಪ್ಪನನ್ನು ಕೇಳಿದಳು: ಅವರು ಹಣ್ಣು ತಿನ್ನುತ್ತಾರೆಂದು ದೇವರಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಮರಕ್ಕೊಂದು ಬೇಲಿಯನ್ನಾದರೂ ಹಾಕಬಹುದಿತ್ತಲ್ಲ?

"ಗೊತ್ತಿತ್ತು ಕಣವ್ವ," ಎಂದರು ಚಿನ್ನಪ್ಪ. "ಆದ್ರೂ ಬೇಲಿ ಆಕ್ನಿಲ್ಲ. ಒಲ್ಲೆ ಅನ್ನೋಕೂ ಬರೋನು ಊಂ ಅಂದ್ರೇನೆ ಅದ್ಕೆ ಬೆಲೆ."

ಇದಕ್ಕಿಂತ ಒಳ್ಳೆಯ ಉತ್ತರವನ್ನು ನನಗೆ ಈವರೆಗೆ ಯಾರೂ ಕೊಟ್ಟಿಲ್ಲ. ಅದು ಆ ಬಾಯಿಂದಲೇ ಬರಬೇಕಿತ್ತೇ ಎಂಬುದು ನನ್ನ ಸಿಟ್ಟು.

ಯಾಕೆಂದರೆ, ಅಪ್ಪನ ಮಾತಿಗೆ ಒಲ್ಲೆ ಎನ್ನುವ ಸರದಿ ಮಗಳಿಗೆ ಬಂದಾಗ ದೇವರು ಹಾಕದ ಬೇಲಿಯನ್ನೆಲ್ಲ ಇವರು ಹಾಕಿದರು. ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೇರಿ ಅಲ್ಲಿನ ರೇಷ್ಮೆ ನೇಯುವವರ ಮನೆಯ ಮಹದೇವನನ್ನು ಮದುವೆಯಾಗುತ್ತೇನೆಂದು ಎದುರೇ ನಿಂತು ಹೇಳಿದಳು. ಇವರು ಕೋಣೆಗೆ ಬೀಗ ಜಡಿದರು. ಬಾಗಿಲು ತೆಗೆದವಳು ತಾಯಿ. ಮೇರಿ ಹೋಗಿ ರಿಜಿಸ್ಟರ್ ಮದುವೆಯಾದಳು. ಏವೆಯಂತೆ ತಮ್ಮ ಮಗಳೂ ಗೊತ್ತಿದ್ದೇ, ಸ್ವಂತ ಇಷ್ಟದಿಂದಲೇ ಪಾಪ ಮಾಡಿದ್ದಾಳೆ, ಅದಕ್ಕೆ ಕ್ಷಮೆಯಿಲ್ಲ ಎಂದು ಜಪದ ನಡುವೆ ಸಾರಿದರು. ಮುಂದೆ ಆ ತಾಯಿ ತೀರಿಕೊಂಡಾಗ ಸಮಾಧಿ ಭೂಮಿಯ ಗೇಟಿನಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಮಗಳನ್ನು ತಡೆದರು. ರಸ್ತೆಯಲ್ಲೇ ನಿಂತಿದ್ದ ಅವಳ ಪಕ್ಕದಲ್ಲಿ ನಾನಿದ್ದೆ. ಒಳಗೆ ಇವರು ಇಂಪಾಗಿ ಹಾಡುತ್ತಿದ್ದರು.

ಅದೇ ವರ್ಷ ಮಗ ಅಂತೋಣಿ ಕುಡಿದು ಬಂದು ಹೆಂಡತಿಯನ್ನು ಹೊಡೆದ ಹೊಡೆತಕ್ಕೆ ಅವಳ ಒಂದು ಕಿವಿಯೇ ಕೇಳದಾಯಿತು. ಅವಳು ಪಾಲಾರಿನ ತವರಿಗೆ ಹೋಗಿಬಿಟ್ಟಳು. ಮಗನಿಗೆ ಬುದ್ಧಿ ಹೇಳಿ ಎಂದು ಕೇಳಲು ನನ್ನ ಅವ್ವ ಹೋದಳು, ಜೊತೆಗೆ ನಾನೂ ಹೋಗಿದ್ದೆ. ಚಿನ್ನಪ್ಪ ನಿಟ್ಟುಸಿರಿಟ್ಟರು.

"ಜನ್ಮಪಾಪ ಅಂತ ಒಂದದೆ ಕಣಮ್ಮ. ಆದಾಮನಿಂದ ರಕ್ತದಲ್ಲೇ ಬಂದದೆ. ಪಾಪ, ಐದ ಏನ್ಮಾಡಾನು?"

ಆ ಹುಡುಗನಿಗೆ ಆಗಲೇ ಮೂವತ್ತು ದಾಟಿತ್ತು. ಮನೆ ಹತ್ತಿರವಾದಾಗ ಅವ್ವ ಕೇಳಿದಳು, "ಅಂಗಾರೆ ಮಗ್ಳಿಗೆ ಆದಾಮ ಏನೂ ಆಗ್ಬೇಕಾಗಿಲ್ವಾ?"

ಹೋದ ವರ್ಷ ಚಿನ್ನಪ್ಪನವರಿಗೆ ಲಕ್ವ ಹೊಡೆಯಿತು. ಕಾಮಗೆರೆಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅಂತೋಣಿ ಒಮ್ಮೆ ಬಂದು, ಬಾಗಿಲಲ್ಲೇ ನಿಂತು ಹೋದನಂತೆ. ಕೊಳ್ಳೇಗಾಲದಿಂದ ದಿನಾ ಬಸ್ಸಿಗೆ ಬರುತ್ತಿದ್ದವಳು ಮೇರಿ.

ನೋಡಲು ಹೋದಾಗ ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಸೊಟ್ಟಗಾದ ಬಾಯಲ್ಲೂ ಅವರು ಎದುರು ಮಂಚದ ಹೆಂಗಸು ಜಪಮಾಲೆ ಹಿಡಿಯುವ ರೀತಿ ಸರಿಯಿಲ್ಲವೆಂದು ನನಗೆ ಹೇಳುತ್ತಿದ್ದರು. ಅಷ್ಟರಲ್ಲಿ ಮೇರಿ ಗಂಜಿ ಆರಿಸಿ ತಂದು ತಲೆಯ ಕೆಳಗೆ ಕೈಕೊಟ್ಟು ಎತ್ತಿದಳು. ಅವರು ಅವಳ ಮುಖ ನೋಡಿದರು. ಜಪಕ್ಕೆ ಕೂರುವ ಮುಂಚೆ ಮಾಡುತ್ತಿದ್ದಂತೆ ಗಂಟಲು ಸರಿಮಾಡಿಕೊಂಡರು.

"ನಿನ್ನ ಕ್ಷಮ್ಸಿವ್ನಿ ಕಣವ್ವ."

ಮೇರಿ ಚಮಚವನ್ನು ಊದುತ್ತಿದ್ದಳು. ಊದಿ ಮುಗಿಸಿದಳು.

"ನಾನ್ ಕೇಳ್ನಿಲ್ವಲ್ಲಪ್ಪ," ಎಂದಳು. "ಬಾಯ್ ತಗಿ."

ಅವರು ಬಾಯಿ ತೆರೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.