ಕಾಟಯ್ಯನಿಗೆ ಬಿಟ್ಟ ಜಾಗ

ಕುರಿ ಕಾಯುವವನು ಮಂದೆಯ ಹಿಂದೆ ನಡೆಯುವುದರಲ್ಲಿ ವಿಶೇಷವೇನಿಲ್ಲ. ಆದರೆ ಉಗ್ರಪ್ಪ ಮದುವೆಯ ದಿಬ್ಬಣದಲ್ಲೂ ಎಲ್ಲರ ಹಿಂದೆಯೇ ನಡೆಯುತ್ತಿದ್ದ. ಸಂತೆಗೆ ಹೋಗುವಾಗ ಯಾರಾದರೂ ಹಿಂದೆ ಉಳಿದರೆ ನಿಂತು, ಅವರನ್ನು ಮುಂದೆ ಬಿಟ್ಟುಕೊಂಡು ಆಮೇಲೆ ಹೆಜ್ಜೆ ಹಾಕುತ್ತಿದ್ದ. ಹದಿನೈದು ವರ್ಷ ಮಿಲಿಟರಿಯಲ್ಲಿದ್ದು, ನಾಯಕ್ ಆಗಿ ನಿವೃತ್ತನಾಗಿ, ಎಪ್ಪತ್ತೆರಡರಲ್ಲಿ ಐಮಂಗಲದ ಹತ್ತಿರದ ತನ್ನ ಹಟ್ಟಿಗೆ ವಾಪಸಾದವನಿಗೆ ಇದೊಂದು ಚಾಳಿ ಅಂಟಿಕೊಂಡಿದೆಯೆಂದು ಜನ ನಗುತ್ತಿದ್ದರು. ಬೆನ್ನ ಹಿಂದೆ ಯಾರೂ ಇಲ್ಲದಿದ್ದಾಗಲೂ ತನಗೆ ಕಾಲೆಳೆದುಕೊಂಡು ಬರುವ ಸದ್ದು ಕೇಳುತ್ತದೆ, ಯಾರಾದರೂ ಇದ್ದರಂತೂ ತಡೆಯಲಾಗುವುದಿಲ್ಲ ಎಂಬುದನ್ನು ಅವನು ಹೆಂಡತಿ ಗಂಗಕ್ಕನಿಗೂ ಹೇಳಿರಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಿವೃತ್ತ ಮೇಷ್ಟ್ರು ತಿಪ್ಪೇರುದ್ರಪ್ಪ ಅವನನ್ನು ಕರೆಸಿದರು. ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿ ತೀರಿಕೊಂಡವರಿಗೆ ಹೆದ್ದಾರಿಯ ಪಕ್ಕದಲ್ಲಿ ಒಂದು ಸ್ಮಾರಕ ಕಟ್ಟಬೇಕೆಂದು ಊರವರು ತೀರ್ಮಾನ ಮಾಡಿದ್ದರು. ಒಂದು ಕಲ್ಲಿನ ಕಟ್ಟೆ, ಮೇಲೊಂದು ಆಳೆತ್ತರದ ಚಪ್ಪಡಿ, ಅದರಲ್ಲಿ ಐದು ಹೆಸರು. ಹಿಂದಿನ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋದವನೊಬ್ಬ, ಅರವತ್ತೈದರಲ್ಲಿ ಒಬ್ಬ, ಎಪ್ಪತ್ತೊಂದರಲ್ಲಿ ಇಬ್ಬರು. ಐದನೆಯವನು ಉಗ್ರಪ್ಪನದೇ ಹಟ್ಟಿಯ ಕಾಟಯ್ಯ, ಚೀನಾ ಯುದ್ಧದಲ್ಲಿ ತೀರಿಕೊಂಡವನು.

"ನೀನೇ ಮುಂದೆ ನಿಂತು ಕಟ್ಟಿಸ್ಬೇಕು ಕಣಪ್ಪ," ಎಂದರು ಮೇಷ್ಟ್ರು. "ಕಾಟಯ್ಯನ ಜತೆ ಕೊನೇಗಳಿಗೇಲಿ ಇದ್ದೋನು ನೀನು."

ಉಗ್ರಪ್ಪ ಹೂಂ ಎಂದ. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಕಾಟಯ್ಯ, ಉಗ್ರಪ್ಪ ಇಬ್ಬರೂ ಒಂದೇ ದಿನ ಚಿತ್ರದುರ್ಗಕ್ಕೆ ಹೋಗಿ ಸೈನ್ಯಕ್ಕೆ ಸೇರಿದವರು. ಪ್ರಾಣಿಗಳ ಒಡನಾಟ ಬಲ್ಲವರೆಂದು ಇಬ್ಬರನ್ನೂ ಹೇಸರಗತ್ತೆಗಳ ದಳಕ್ಕೆ ಹಾಕಿದರು. ಅರವತ್ತೆರಡರ ಚಳಿಗಾಲದಲ್ಲಿ ಅಸ್ಸಾಮಿನಾಚೆ ಚೀನಾ ಗಡಿಯ ನೇಫಾದ ಬೆಟ್ಟಗಳಿಂದ ಸೈನ್ಯ ಚೆದುರಿ ಹಿಂದಕ್ಕೆ ಬಂದಾಗ ಉಗ್ರಪ್ಪ ಬಂದ, ಕಾಟಯ್ಯ ಬರಲಿಲ್ಲ. ಸರ್ಕಾರದ ಕಾಗದದಲ್ಲಿ ಮೊದಲು ಕಾಣೆಯಾಗಿದ್ದಾನೆ ಎಂದಿತ್ತು, ಆಮೇಲೆ ಸತ್ತಿದ್ದಾನೆಂದು ತಿಳಿಯಲಾಗಿದೆ ಎಂದಾಯಿತು. ರಜೆಯಲ್ಲಿ ಊರಿಗೆ ಬಂದ ಉಗ್ರಪ್ಪ ಕಾಟಯ್ಯನ ತಾಯಿ ಜುಂಜಮ್ಮನ ಮುಂದೆ ಕೂತು, "ಗುಂಡು ಬಿತ್ತು ದೊಡ್ಡವ್ವ. ನನ್ನ ಕಣ್ಮುಂದೇನೇ ಹೋದ," ಎಂದಿದ್ದ. ಜುಂಜಮ್ಮ ಮೂರು ದಿನ ಅತ್ತು, ಮಗನ ಕಾರ್ಯ ಮಾಡಿಸಿ, ಮತ್ತೆ ಕುರಿ ಹೊಡೆದುಕೊಂಡು ಹೊರಟಿದ್ದಳು.

ಕಟ್ಟೆಯ ಕೆಲಸ ಶುರುವಾದ ಎರಡನೆಯ ದಿನವೇ ಜುಂಜಮ್ಮ ಕೊಡ ಹೊತ್ತುಕೊಂಡು ಬಂದಳು. ವಯಸ್ಸು ಅರವತ್ತೈದು ದಾಟಿತ್ತು. ಗಾರೆ ಬಿರುಕು ಬಿಡದ ಹಾಗೆ ಬೆಳಿಗ್ಗೆ ಸಂಜೆ ನೀರು ಹಾಕಬೇಕೆಂದು ಯಾರೋ ಹೇಳಿದ್ದರು. ಆ ಕೆಲಸ ತನ್ನದು ಎಂದಳು. ನೀರು ಸುರಿದು, ಖಾಲಿ ಕೊಡವನ್ನು ಬೋರಲು ಹಾಕಿ, ಅದರ ಪಕ್ಕದಲ್ಲಿ ಕೂರುತ್ತಿದ್ದಳು. ಹನ್ನೆರಡು ವರ್ಷ ಕೇಳದಿದ್ದ ಮಾತುಗಳನ್ನು ಒಂದೊಂದಾಗಿ ಕೇಳತೊಡಗಿದಳು.

"ಗುಂಡು ಎಲ್ಲಿಗೆ ಬಿತ್ತಪ್ಪ, ಎದೆಗೋ ತಲೆಗೋ?"

"ಎದೆಗೆ, ದೊಡ್ಡವ್ವ."

ಎರಡು ದಿನ ಬಿಟ್ಟು, "ನೀರು ಕೇಳಿದ್ನಾ?"

"ಇಲ್ಲ. ಕೇಳಾಕೆ ಟೈಮೇ ಸಿಗಲಿಲ್ಲ."

"ಒಳ್ಳೇದಾತು ಬಿಡು," ಎಂದು ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸಂಜೆ ಹಟ್ಟಿಯ ಹೆಂಗಸರಿಗೆಲ್ಲ, ನನ್ನ ಮಗ ನರಳಲಿಲ್ಲವಂತೆ, ಉಗ್ರಪ್ಪ ನೋಡಿದ್ದಾನೆ ಎಂದು ಹೇಳಿಕೊಂಡು ತಿರುಗಿದಳು.

ಅಂದಿನಿಂದ ಉಗ್ರಪ್ಪನಿಗೆ ಸದ್ದು ಹತ್ತಿರವಾಯಿತು. ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ, ಲಾರಿಗಳೂ ಕಡಿಮೆಯಾಗಿ ಬಿಸಿಲು ರಸ್ತೆಯ ಮೇಲೆ ನಡುಗುತ್ತಿರುವಾಗ, ನಿಲ್ಲಿಸಿದ ಚಪ್ಪಡಿಯ ಹಿಂದಿನಿಂದ ಅದು ಬರುತ್ತಿತ್ತು. ಒಂದು ಕಾಲು ಊರಿ, ಇನ್ನೊಂದನ್ನು ಎಳೆದುಕೊಂಡು, ನಿಂತು, ಉಸಿರು ಬಿಟ್ಟು, ಮತ್ತೆ ಎಳೆದುಕೊಂಡು. ಅವನು ಚಪ್ಪಡಿಯನ್ನು ಸುತ್ತಿ ಹಿಂದೆ ಹೋದರೆ ಸದ್ದು ಈಗ ಮುಂದಿನಿಂದ ಬರುತ್ತಿತ್ತು. ಒಂದು ದಿನ ಹಾಗೆ ಐದಾರು ಸುತ್ತು ಸುತ್ತಿದವನನ್ನು ಊಟ ಮುಗಿಸಿ ಬಂದ ಕಲ್ಲುಕುಟಿಗ ಓಬಣ್ಣ ನೋಡಿ, "ಏನಣ್ಣ, ಪ್ರದಕ್ಷಿಣೆ ಹಾಕ್ತಾ ಇದೀಯ? ಇನ್ನೂ ಪೂಜೇನೇ ಆಗಿಲ್ಲ," ಎಂದು ನಕ್ಕ.

ಓಬಣ್ಣ ನಾಲ್ಕು ಹೆಸರು ಕೆತ್ತಿ ಮುಗಿಸಿದ. ಪ್ರತಿ ಹೆಸರಿನ ಕೆಳಗೂ ಒಂದು ಸಾಲು: ಯಾವ ಇಸವಿ, ಎಲ್ಲಿ, ಹೇಗೆ. ಐದನೆಯದಕ್ಕೆ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಕಲ್ಲಿನ ಮುಂದಿಟ್ಟು ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಹಾಕುತ್ತಾ ಜೋರಾಗಿ ಓದಿದ: "ಕಾಟಯ್ಯ. ಸಾವಿರದ ಒಂಬೈನೂರ ಅರವತ್ತೆರಡು. ಶತ್ರುವಿನ ಗುಂಡಿಗೆ ಎದೆಗೊಟ್ಟು ವೀರಮರಣ."

ಜುಂಜಮ್ಮ ಕೊಡದ ಪಕ್ಕದಲ್ಲಿ ಕೈಮುಗಿದು ಕೂತಿದ್ದಳು. ಉಗ್ರಪ್ಪ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ದೊಡ್ಡವ್ವ, ಕಾಟಯ್ಯಂಗೆ ಗುಂಡು ಬಿದ್ದಿರಲಿಲ್ಲ."

ಅವಳು ಮುಗಿದಿದ್ದ ಕೈಗಳನ್ನು ಕೆಳಗಿಳಿಸಿದಳು.

"ನಾಲ್ಕು ದಿನ ನಡೆದಿದ್ವಿ. ಹಿಮದಾಗೆ ಅವನ ಕಾಲು ಕೆಟ್ಟೋಗಿತ್ತು, ಬೆರಳು ಕಪ್ಪಗಾಗಿದ್ವು. ಎಳಕೊಂಡು ಎಳಕೊಂಡು ನನ್ನ ಹಿಂದೇನೇ ಬಂದ. ಐದನೇ ದಿನ ಬೆನ್ನ ಮ್ಯಾಲೆ ಹೊತ್ಕಂಡೆ. ಆಗ್ಲಿಲ್ಲ. ಒಂದು ಬಂಡೆ ಕೆಳಗೆ ಕೂರ್ಸಿ, ನನ್ನ ಕೋಟು ಹೊದಿಸಿ, ಕೆಳಗಿನಿಂದ ಜನ ಕರ್ಕಂಡು ಬತ್ತೀನಿ ಅಂದೆ. ಬೇಗ ಬಾರೋ ಅಂದ."

"ಹೋದ್ಯಾ?"

"ಕೆಳಗೆ ರಸ್ತೇಲಿ ಒಂದು ಲಾರಿ ನಿಂತಿತ್ತು, ಕಿಕ್ಕಿರಿದು ತುಂಬಿತ್ತು. ಮ್ಯಾಲೆ ಒಬ್ಬ ಅವ್ನೆ ಅಂತ ಹೇಳಿದ್ರೆ ನನ್ನ ಹತ್ತಿಸ್ಕಳ್ದೆ ವಾಪಸ್ ಕಳಿಸ್ತಾರೆ ಅಂತ ಹೆದರಿಕೆ ಆತು. ಹೇಳ್ಲಿಲ್ಲ. ಹತ್ತಿಬಿಟ್ಟೆ."

ಓಬಣ್ಣ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡಿದ್ದ. ಹೊಡೆಯುತ್ತಾಳೆ, ಇಲ್ಲವೇ ಮಣ್ಣು ತೂರಿ ಶಪಿಸುತ್ತಾಳೆ ಎಂದು ಉಗ್ರಪ್ಪ ತಲೆ ತಗ್ಗಿಸಿ ಕಾದ. ಅದಕ್ಕೆಂದೇ ಅವನು ಹೇಳಿದ್ದ. ಆದರೆ ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಅಂಗಾದ್ರೆ ನೀನು ಹೆಣ ನೋಡಿಲ್ಲ."

"ಇಲ್ಲ ದೊಡ್ಡವ್ವ."

"ಬೇರೆ ಯಾರಾನ ನೋಡವ್ರಾ?"

"ಯಾರೂ ಇಲ್ಲ."

ಜುಂಜಮ್ಮ ಎದ್ದಳು. ಕಲ್ಲಿನ ಹತ್ತಿರ ಹೋಗಿ, ಒದ್ದೆ ಅಂಗೈಯಿಂದ ಸುಣ್ಣದ ಗುರುತನ್ನು ಒರೆಸಿಹಾಕಿದಳು. "ಉಳಿ ಮುಟ್ಟಬ್ಯಾಡ ಓಬಣ್ಣ. ನನ್ನ ಮಗನ ಹೆಸರು ಇಲ್ಲಿ ಬ್ಯಾಡ," ಎಂದಳು.

ಸಂಜೆ ಸುದ್ದಿ ಕೇಳಿ ಓಡಿಬಂದ ಮೇಷ್ಟ್ರು ಉಗ್ರಪ್ಪನನ್ನು ಪಕ್ಕಕ್ಕೆ ಎಳೆದುಕೊಂಡು ಹೋದರು. "ಎಂಥಾ ಕೆಲ್ಸ ಮಾಡಿದ್ಯಪ್ಪ! ಆಯಮ್ಮ ಅತ್ತು ಮುಗಿಸಿ ಆಗಿತ್ತು. ನಿನ್ನ ಎದೆ ಹಗುರ ಮಾಡ್ಕಳಾಕೆ ಅವಳ ತಲೆ ಮ್ಯಾಲೆ ಹೊರಿಸಿಬಿಟ್ಯಲ್ಲ."

ಆಗಸ್ಟ್ ಹದಿನೈದರಂದು ಸ್ಮಾರಕದ ಉದ್ಘಾಟನೆಯಾಯಿತು. ನಾಲ್ಕು ಹೆಸರು, ಅದರ ಕೆಳಗೆ ನುಣ್ಣಗೆ ಉಜ್ಜಿದ ಖಾಲಿ ಜಾಗ. ಭಾಷಣ ಮಾಡಿದವರು ಆ ಕಡೆ ನೋಡಲಿಲ್ಲ. ಜುಂಜಮ್ಮ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಬಂದಳು, ಆದರೆ ಸ್ಮಾರಕಕ್ಕಲ್ಲ. ಅದರಾಚೆಗಿನ ಚಹಾ ಅಂಗಡಿಯ ಮುಂದೆ ಉತ್ತರದ ಕಡೆಯ ಲಾರಿಗಳು ನಿಲ್ಲುತ್ತಿದ್ದವು, ಅಲ್ಲಿಗೆ. ಕೈಯಲ್ಲಿ ಕಾಟಯ್ಯನ ಫೋಟೋ ಇತ್ತು, ಸೇನೆಗೆ ಸೇರಿದ ದಿನ ಚಿತ್ರದುರ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ಪೇಟ ಸುತ್ತಿದ ಡ್ರೈವರ್ ಒಬ್ಬನ ಮುಂದೆ ಅದನ್ನು ಹಿಡಿದು ಏನೋ ಕೇಳುತ್ತಿದ್ದಳು. ಅವನಿಗೆ ಅವಳ ಮಾತು ತಿಳಿಯದೆ ಜೇಬಿನಿಂದ ಚಿಲ್ಲರೆ ತೆಗೆದು ಕೊಡಲು ಬಂದ. ಉಗ್ರಪ್ಪ ಮಂದೆ ಹೊಡೆದುಕೊಂಡು ಅದೇ ದಾರಿಯಲ್ಲಿ ಹೋಗುತ್ತಿದ್ದ. ಜುಂಜಮ್ಮ ಅವನನ್ನು ಕರೆದಳು.

"ಲೇ ಉಗ್ರ, ನಿಂಗೆ ಇವರ ಮಾತು ಬತ್ತೈತೆ. ಕೇಳು."

ಅವನು ಕೇಳಿದ. ಈ ಹುಡುಗನನ್ನು ಎಲ್ಲಾದರೂ ಕಂಡಿದ್ದೀರಾ, ಕುಂಟುತ್ತಾನೆ, ಈಗ ಮೂವತ್ತೈದು ವರ್ಷವಾಗಿರಬೇಕು ಎಂದು ಹಿಂದಿಯಲ್ಲಿ ಕೇಳಿದ. ಡ್ರೈವರ್ ಫೋಟೋವನ್ನು ದೂರ ಹಿಡಿದು ನೋಡಿ ತಲೆಯಾಡಿಸಿದ. "ಕಂಡಿಲ್ಲವಂತೆ ದೊಡ್ಡವ್ವ," ಎಂದ ಉಗ್ರಪ್ಪ.

ಹೀಗೆ ಶುರುವಾದದ್ದು ವಾರಕ್ಕೆ ಮೂರು ದಿನ, ನಾಲ್ಕು ದಿನ ಎಂದು ನಡೆಯಿತು. ಮಳೆ ಬಂದರೆ ಅಂಗಡಿಯ ಸೂರಿನ ಕೆಳಗೆ ಇಬ್ಬರೂ ನಿಂತಿರುತ್ತಿದ್ದರು. ಅವನು ಕೇಳುವನು, ಅವಳು ಡ್ರೈವರನ ತುಟಿಯನ್ನೇ ನೋಡುವಳು. ಅವಳು ಒಂದು ದಿನವೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಂದು ದಿನವಾದರೂ ತಪ್ಪಿಸಿಕೊಳ್ಳುತ್ತಿದ್ದನೇನೋ. "ನಿನಗೇನು ಶಿಕ್ಷೆ ಇದು?" ಎಂದು ಗಂಗಕ್ಕ ಕಣ್ಣೀರು ಹಾಕಿದಳು. ಉಗ್ರಪ್ಪ ರುಮಾಲು ಸುತ್ತಿಕೊಂಡು ಹೊರಟ.

ಎಪ್ಪತ್ತಾರರ ಒಂದು ಬೆಳಿಗ್ಗೆ ಅಸ್ಸಾಮಿನ ಕಡೆ ಓಡಾಡಿದ್ದ ಡ್ರೈವರ್ ಒಬ್ಬ ಫೋಟೋವನ್ನು ತಕ್ಷಣ ವಾಪಸು ಕೊಡಲಿಲ್ಲ. ನೇಫಾ ಬೆಟ್ಟಗಳ ಬುಡದ ತೇಜ್‌ಪುರದಲ್ಲಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವವನೊಬ್ಬ ಇದ್ದಾನೆ, ದಕ್ಷಿಣದವನು, ಕಾಲಿನ ಬೆರಳುಗಳಿಲ್ಲ, ಯಾರ ಜತೆಯೂ ಮಾತಾಡುವುದಿಲ್ಲ ಎಂದ.

"ಏನಂದ? ಏನೋ ಉದ್ದಕೆ ಹೇಳಿದ್ನಲ್ಲ?" ಎಂದಳು ಜುಂಜಮ್ಮ.

ಏನೂ ಇಲ್ಲ ಎನ್ನುವುದು ಸುಲಭವಿತ್ತು. ಉಗ್ರಪ್ಪನ ಬಾಯಿಗೆ ಅದೇ ಬಂತು ಕೂಡ. ಆದರೆ ಅದನ್ನು ನುಂಗಿ, ಡ್ರೈವರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಹನ್ನೆರಡು ಕುರಿ ಮಾರಿ ರೈಲು ಹತ್ತಿದ.

ಹೋಗಿ ಬರಲು ಹದಿನಾರು ದಿನ ಹಿಡಿಯಿತು. ಹೋಟೆಲಿನ ಹಿತ್ತಲಲ್ಲಿ ಕೂತಿದ್ದವನು ಮಧುರೆಯ ಕಡೆಯವನು, ವಯಸ್ಸು ಐವತ್ತಕ್ಕೂ ಹೆಚ್ಚು, ರೈಲಿಗೆ ಸಿಕ್ಕಿ ಬೆರಳು ಹೋಗಿದ್ದವು. ಉಗ್ರಪ್ಪ ಅವನ ಹತ್ತಿರ ಅರ್ಧ ದಿನ ಕೂತ. ಅಲ್ಲಿಂದ ಮೇಲಕ್ಕೆ, ಬೆಟ್ಟದ ರಸ್ತೆಗೆ ಹೋಗಲು ಪರವಾನಗಿ ಸಿಗಲಿಲ್ಲ. ನೀಲಿಯಾಗಿ ಕಾಣುವ ಬೆಟ್ಟಸಾಲನ್ನು ಊರಾಚೆಯ ತಪಾಸಣೆ ಗೇಟಿನಿಂದಲೇ ನೋಡಿದ. ಅವನ ಹಿಂದೆ ನೂರಾರು ಜನ ಓಡಾಡುತ್ತಿದ್ದರೂ ಅಲ್ಲಿ ಆ ಸದ್ದು ಇರಲಿಲ್ಲ. ಮುಂದಿನಿಂದ, ಬೆಟ್ಟದ ಕಡೆಯಿಂದಲೂ ಏನೂ ಕೇಳಲಿಲ್ಲ. ಅದು ಅವನಿಗೆ ಇನ್ನೂ ಕೆಟ್ಟದೆನಿಸಿತು.

"ಅವನಲ್ಲ, ದೊಡ್ಡವ್ವ," ಎಂದ, ಬಂದ ದಿನವೇ.

"ಮಖ ಸರಿಯಾಗಿ ನೋಡ್ದ್ಯಾ?"

"ನೋಡ್ದೆ."

"ಸರಿ. ನಾಳೆ ಬಾ ಅಂಗಡಿ ಹತ್ರ," ಎಂದಳು ಜುಂಜಮ್ಮ.

ಇನ್ನೂ ಎರಡು ವರ್ಷ ಅವರು ಅಲ್ಲಿ ನಿಂತರು. ಎಪ್ಪತ್ತೆಂಟರ ಮಾಘದಲ್ಲಿ ಜುಂಜಮ್ಮ ಜ್ವರ ಬಂದು ನಾಲ್ಕನೇ ದಿನಕ್ಕೆ ತೀರಿಕೊಂಡಳು. ಕೊನೆಯ ಮಧ್ಯಾಹ್ನ ಉಗ್ರಪ್ಪ ಬಾಗಿಲಲ್ಲಿ ನಿಂತಾಗ ಅವನನ್ನೇ ದಿಟ್ಟಿಸಿ, "ಬಂದ್ಯೇನೋ. ಕಾಲು ತೋರ್ಸು," ಎಂದಳು. ಉಗ್ರಪ್ಪ ಒಳಗೆ ಬಂದು, "ನಾನು ಉಗ್ರಪ್ಪ, ದೊಡ್ಡವ್ವ," ಎಂದ. ಅವಳು ಗೋಡೆಯ ಕಡೆ ಹೊರಳಿದಳು. ತಾನೇ ಕಾಟಯ್ಯ ಎಂದಿದ್ದರೆ ಏನು ಹೋಗುತ್ತಿತ್ತು ಎಂದು ಹಟ್ಟಿಯ ಹೆಂಗಸರು ಬಹಳ ದಿನ ಅವನನ್ನು ಬೈದರು.

ಜವನಗೊಂಡನಹಳ್ಳಿಗೆ ಕೊಟ್ಟಿದ್ದ ಜುಂಜಮ್ಮನ ಮಗಳು ನಾಗಕ್ಕ ತಾಯಿಯ ಕಾರ್ಯ ಮುಗಿಸಿದ ಮೇಲೆ ಮೇಷ್ಟ್ರ ಮನೆಗೆ ಹೋದಳು. "ಅವ್ವ ಇರೋವರೆಗೂ ಆತು. ಈಗ ನಮ್ಮಣ್ಣನ ಹೆಸರು ಹಾಕ್ಸಿಬಿಡ್ರಿ," ಎಂದಳು. ಓಬಣ್ಣನಿಗೆ ಹೇಳಿಕಳಿಸಿದರು. ಹಳೆಯ ಚೀಟಿ ಮೇಷ್ಟ್ರ ಹತ್ತಿರ ಇನ್ನೂ ಇತ್ತು. ಅವರೇ ಅದನ್ನು ಹರಿದರು.

ಓಬಣ್ಣ ಹೆಸರು ಕೆತ್ತಿ, ಊರು ಕೆತ್ತಿ, ಉಳಿಯನ್ನು ಊದಿ, "ಇಸವಿ ಏನು ಹಾಕ್ಲಣ್ಣ?" ಎಂದು ಉಗ್ರಪ್ಪನನ್ನು ಕೇಳಿದ.

"ಗೊತ್ತಿಲ್ಲ."

"ಅರವತ್ತೆರಡು ಅಂತಲೇ ಇತ್ತಲ್ಲ?"

"ನಾನು ಅವನ್ನ ಬಿಟ್ಟು ಹೊರಟದ್ದು ಗೊತ್ತು. ಸತ್ತದ್ದು ಗೊತ್ತಿಲ್ಲ ಕಣೋ. ಬಿಡು, ಅಷ್ಟೇ ಇರಲಿ."

ಓಬಣ್ಣ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಆಗಲಿ ಎಂದು ಕೈ ಮಾಡಿದರು. ಓಬಣ್ಣ ಸಾಮಾನು ಗಂಟು ಕಟ್ಟಿಕೊಂಡು ಹಿರಿಯೂರಿನ ಬಸ್ಸಿಗೆ ಹೊರಟ. ನಾಗಕ್ಕ ಅಕ್ಷರಗಳ ಸಂದಿನಲ್ಲಿ ಕೂತಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. ಆಚೆ ಅಂಗಡಿಯ ಮುಂದೆ ಒಂದು ಲಾರಿ ಬಂದು ನಿಂತಿತು. ಉಗ್ರಪ್ಪ ಎರಡು ಹೆಜ್ಜೆ ಆ ಕಡೆ ಇಟ್ಟು, ಕೈಯಲ್ಲಿ ಫೋಟೋ ಇಲ್ಲವೆಂಬುದು ನೆನಪಾಗಿ, ನಿಂತ.