ಮಂಚದ ಕಾಲಿಗೆ ಬೆಲ್ಲ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ನಮ್ಮ ಓಣಿಗೆಲ್ಲ ಗೊತ್ತಿರುವ ವಿಷಯ. ಆದರೆ ಒಂದು ನಾಯಿಯ ದೆಸೆಯಿಂದ ಆ ವರ್ಷ ಉರಿದಷ್ಟು ಯಾವತ್ತೂ ಉರಿದವಳಲ್ಲ.

ನಮ್ಮ ಮನೆಯವರು ಹೊಸಪೇಟೆಯಲ್ಲಿ ಮರಗೆಲಸ ಮಾಡುತ್ತಾರೆ. ಮನೆಯ ಹಿಂದೆಯೇ ತಗಡಿನ ಶೆಡ್ಡು. ಹೊಸ ಮಂಚ, ಕುರ್ಚಿಗಳನ್ನು ಜನ ಈಗ ಅಂಗಡಿಯಲ್ಲೇ ಕೊಳ್ಳುವುದರಿಂದ ಇವರಿಗೆ ಬರುವುದು ರಿಪೇರಿ. ಮನೆಯೊಳಗೆ ನಾಯಿ ಸಾಕುವವರು ಹೆಚ್ಚಾದ ಮೇಲಂತೂ ನಾಯಿ ಕಡಿದ ಸೋಫಾ, ಬೆಕ್ಕು ಪರಚಿದ ಬಾಗಿಲು ಇವೇ. ಹುಣಸೆಬೀಜವನ್ನು ಹುರಿದು, ನೆನೆಸಿ, ರುಬ್ಬಿ, ಕುದಿಸಿ ಅಂಟು ಮಾಡಿ, ಅದಕ್ಕೆ ಅದೇ ಜಾತಿಯ ಮರದ ಪುಡಿ ಕಲಸಿ ಹಲ್ಲಿನ ಗುಂಡಿಗಳಿಗೆ ತುಂಬುತ್ತಾರೆ. ಒಣಗಿದ ಮೇಲೆ ಉಜ್ಜಿ, ಸಣ್ಣ ಕುಂಚದಿಂದ ಮರದ ಎಳೆಗಳನ್ನು ಬರೆದು ಪಾಲಿಶ್ ಹಚ್ಚುತ್ತಾರೆ. ಅಂಟು ಕುದಿಯುವುದು ಮಾತ್ರ ನನ್ನ ಒಲೆಯ ಮೇಲೆ. ಮಿಕ್ಕದ್ದನ್ನು ನಾನು ಕಣ್ಣೆತ್ತಿ ನೋಡಿದವಳಲ್ಲ. ಆ ಧೂಳು ನನಗಾಗದು.

ಸಂಡೂರು ರಸ್ತೆಯ ಕಡೆಯ ಹೊಸ ಬಡಾವಣೆಯಿಂದ ಒಮ್ಮೆ ಫೋನ್ ಬಂತು. ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬಾಕೆ, ನನ್ನದೇ ವಯಸ್ಸು, ಒಂಟಿ. ಆಕೆಯ ನಾಯಿ ತೇಗದ ಮಂಚದ ಕಾಲು ಕಡಿದಿತ್ತು. ಇವರು ಹೋಗಿ ಸರಿಮಾಡಿ ಬಂದರು. ಹತ್ತು ದಿನಕ್ಕೆ ಮತ್ತೆ ಫೋನ್. ಅದೇ ಮಂಚ, ಅದೇ ಕಾಲು. ಮೂರನೆಯ ಸಲ ಕರೆ ಬಂದಾಗ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಮೈತುಂಬ ಮರದ ಪುಡಿ ಮೆತ್ತುವ ಕೆಲಸಕ್ಕೆ ಇಸ್ತ್ರಿ ಅಂಗಿ!

"ಆ ಮೇಡಂ ಭಾಳ ತಿಳಿದವರು. ಕೆಲಸ ಮುಗಿಯೂತನ ಬಾಜೂಕ ಕುಂತು ನೋಡ್ತಾರ" ಎಂದರು ಊಟಕ್ಕೆ ಕೂತಾಗ.

"ಮಂಚ ಕಡಿಯೂದು ನಾಯೀನೋ, ಆಕೀನೋ?" ಅಂದೆ.

ಇವರು ನಗಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆಣಕಿತು.

ನಾಲ್ಕನೆಯ ಸಲ, ಪೇಟೆಯಲ್ಲಿ ಕೆಲಸವಿದೆ ಎಂದು ನೆಪ ಹೇಳಿ ನಾನೂ ಬೈಕಿನ ಹಿಂದೆ ಕೂತೆ. ಪೇಟೆ ದಾಟಿದರೂ ಇಳಿಯಲಿಲ್ಲ.

"ಬರ್ರಿ ಅಕ್ಕಾ, ಕುಂದ್ರಿ" ಎಂದು ಆಕೆ ನನಗೆ ಕುರ್ಚಿ ಕೊಟ್ಟು, ತಾನು ಇವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ತಪ್ಪು ಹುಡುಕಲು ಹೋದ ನನಗೆ ಏನೂ ಸಿಗಲಿಲ್ಲ. ಸೀರೆ ಸಾದಾ, ಮಾತು ಸಾದಾ. ಅದಕ್ಕೂ ಸಿಟ್ಟು ಬಂತು. ಅಷ್ಟರಲ್ಲಿ ನಾಯಿ ಓಡಿಬಂದು ಅಂಟಿನ ಡಬ್ಬಿಗೆ ಬಾಯಿ ಹಾಕಿ ನೆಕ್ಕತೊಡಗಿತು. ನನಗೆ ಥಟ್ಟನೆ ಹೊಳೆಯಿತು. ಹಂಪಿಯಲ್ಲಿ ಗಾರೆ ಕೆಲಸ ಮಾಡುವ ಯಾರೋ ಗಾರೆಗೆ ಬೆಲ್ಲ ಹಾಕಿದರೆ ಗಟ್ಟಿ ಹಿಡಿಯುತ್ತದೆ ಎಂದದ್ದನ್ನು ಕೇಳಿ, ಇವರು ಈಚೆಗೆ ಅಂಟಿಗೂ ಬೆಲ್ಲ ಹಾಕಿಸುತ್ತಿದ್ದರು. ಅದೂ ನನ್ನ ತವರು ಎಮ್ಮಿಗನೂರಿನಿಂದ ಬಂದ ಬೆಲ್ಲ.

"ಬೆಲ್ಲ ತುಂಬಿ ಹೋಗ್ತೀರಿ, ನಾಯಿ ಬಿಡ್ತೈತೇನ್ರಿ?" ಅಂದೆ.

ಇಬ್ಬರೂ ಒಟ್ಟಿಗೆ ನಕ್ಕರು. ಅವತ್ತು ಹಳೆಯದನ್ನೆಲ್ಲ ಕೆರೆದು ತೆಗೆದದ್ದಾಯಿತು. ಮರುದಿನ ನಾನೇ ಬೆಲ್ಲವಿಲ್ಲದ ಅಂಟು ಕುದಿಸಿ, ಬೇವಿನ ಸೊಪ್ಪಿನ ರಸ ಹಿಂಡಿ ಕೊಟ್ಟೆ. ಕೆಲಸ ಮುಗಿಯುವವರೆಗೆ ದಿನವೂ ಜೊತೆಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. ನಾಯಿ ಮಂಚದ ಕಾಲನ್ನು ಮೂಸಿ, ಸೀನಿ, ದೂರ ಹೋಯಿತು. ಇನ್ನು ಈ ಮನೆಯ ಋಣ ಹರಿಯಿತು ಎಂದು ಒಳಗೊಳಗೇ ಬೀಗಿದೆ.

ಹದಿನೈದು ದಿನದ ಮೇಲೆ ಆಕೆ ನಮ್ಮಿಬ್ಬರನ್ನೂ ಚಹಾಕ್ಕೆ ಕರೆದಳು. ನಾಯಿ ಮತ್ತೆ ಕಡಿದಿರಲಿಲ್ಲ. ಮಂಚವನ್ನು ತಿರುಗಿಸಿ ಬೇರೆ ಗೋಡೆಗೆ ಹಾಕಿದ್ದಳು.

"ಯಾವ ಕಾಲು, ಎಲ್ಲಿ ಕಡಿದಿತ್ತು, ಹೇಳು ನೋಡೋಣು" ಎಂದು ಇವರು ಖುಷಿಯಲ್ಲಿ ನನ್ನನ್ನು ಕೇಳಿದರು.

ನಾಲ್ಕೂ ಕಾಲುಗಳನ್ನು ಬಗ್ಗಿ ನೋಡಿದೆ, ಕೈಯಾಡಿಸಿದೆ. ಗೊತ್ತಾಗಲಿಲ್ಲ. ಕೆಲಸ ನಡೆದಷ್ಟೂ ದಿನ ನಾನು ನೋಡಿದ್ದು ಆಕೆಯನ್ನು, ಮಂಚವನ್ನಲ್ಲ.

ಆಕೆ ಚಹಾದ ಲೋಟ ಹಿಡಿದುಕೊಂಡೇ ಬಂದು ಒಂದು ಕಾಲಿನ ಮೇಲೆ ಬೆರಳಿಟ್ಟಳು. "ಇಲ್ಲೈತಿ. ಈ ಎಳೀ ಬರಿಯೋ ಮುಂದ ಉಸಿರು ಹಿಡಿದಿದ್ರಿ ನೀವು."

ಇವರ ಮುಖ ಅರಳಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಆ ಮುಖ ನನಗೆ ಹೊಸದು. ಅವರಿಬ್ಬರ ನಡುವೆ ತಪ್ಪೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಅಡುಗೆ ಅರ್ಧಕ್ಕೆ ಬಿಟ್ಟು ಶೆಡ್ಡಿಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಯಾರದೋ ಬಾಗಿಲಿನ ಮೇಲೆ ಎಳೆ ಬರೆಯುತ್ತಿದ್ದರು.

"ಏನರ ಬೇಕಾಗಿತ್ತೇನು?" ಎಂದರು.

"ಏನೂ ಬ್ಯಾಡ್ರಿ. ನೋಡಾಕ ಬಂದೀನಿ."

ಕುಂಚವನ್ನು ಬಣ್ಣದಲ್ಲಿ ಅದ್ದಿದರು. ಬಾಗಿಲಿನ ಹತ್ತಿರ ಒಯ್ದು ಹಿಂದಕ್ಕೆ ತಂದರು. ಬಟ್ಟೆಗೆ ಒರೆಸಿ ಮತ್ತೆ ಅದ್ದಿದರು.

"ನೀ ಒಳಗ ಹೋಗು" ಎಂದರು ಕೊನೆಗೆ, ಮೆತ್ತಗೆ. "ನೀ ಕುಂತ್ರ ಕೈ ನಡಗತೈತಿ."