ಸಾವಂತ್ರೆವ್ವನ ಹಳದಿ ಅಂಗೈ

ಉಗರಗೋಳದಿಂದ ಯಲ್ಲಮ್ಮನ ಗುಡ್ಡಕ್ಕೆ ಏರುವ ದಾರಿಯಲ್ಲಿ, ಬೇವಿನ ಮರದ ಬುಡದಲ್ಲಿ ಕುಳಿತು ಸಾವಂತ್ರೆವ್ವ ಭಂಡಾರ ಮಾರುತ್ತಿದ್ದಳು. ಅರಿಸಿನದ ಪುಡಿಯನ್ನು ಅಳೆದೂ ಅಳೆದೂ ಅವಳ ಅಂಗೈ ಎಷ್ಟು ತೊಳೆದರೂ ಹಳದಿಯೇ. ಮರ ಸರಕಾರದ್ದೋ ದೇವರದ್ದೋ ಯಾರಿಗೂ ತಿಳಿಯದು. ಅದರ ಕೆಳಗಿನ ನೆಲ ಮಾತ್ರ ನಿಜಗುಣಪ್ಪ ಸಾಹುಕಾರನದು. ಸವದತ್ತಿ ತಾಲೂಕಿನಲ್ಲಿ ಪಕ್ಷವೆಂದರೂ ಅವನೇ.

ಸಾವಂತ್ರೆವ್ವನೂ ಅದೇ ಪಕ್ಷದ ಸದಸ್ಯೆ. ಮೆರವಣಿಗೆಗೆ ಹೆಂಗಸರು ಬೇಕೆಂದಾಗಲೆಲ್ಲ ಕೇರಿಯನ್ನೇ ಹೊರಡಿಸಿಕೊಂಡು ಹೋದವಳು, ಗಂಟಲು ಹರಿಯುವಂತೆ ಜೈ ಅಂದವಳು. ಕೊನೆಗೆ ಕೇರಿಗೊಂದು ನಳ ಮಂಜೂರಾಯಿತು. ಆ ನಳ ಹೋಗಿ ನಿಂತದ್ದೆಲ್ಲಿ? ನಿಜಗುಣಪ್ಪನ ಹಿತ್ತಲಲ್ಲಿ! ಕೇರಿಯ ಹೆಂಗಸರು ಕೊಡ ಹಿಡಿದು ಬೇಲಿಯಾಚೆ ಕಾಯಬೇಕು. ಒಳಗಿನವರ ಎಮ್ಮೆಯ ಮೈ ತೊಳೆದಾದ ಮೇಲೆ ಯಾರಾದರೂ ಮನಸ್ಸು ಮಾಡಿ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಪಕ್ಷದ ಸಭೆಯಲ್ಲಿ ಎದ್ದು ನಿಂತು ಕೇಳಿದವನು ಒಬ್ಬನೇ, ಚಕ್ಕಡಿ ದುರಸ್ತಿ ಮಾಡುವ ದುಂಡಪ್ಪ. ಕೇಳಿದ್ದಕ್ಕೆ ಅವನನ್ನು ಅಂಗಿ ಜಗ್ಗಿ ಕೂಡಿಸಿದರು.

ಎಪ್ಪತ್ತೆಂಟರ ವಿಧಾನಸಭೆ ಚುನಾವಣೆ ಹತ್ತಿರ ಬಂತು. ಟಿಕೆಟ್ಟಿಗೆ ಯಾರ ಹೆಸರು ಕಳಿಸಬೇಕೆಂಬುದನ್ನು ಸದಸ್ಯರೇ ಸವದತ್ತಿಯಲ್ಲಿ ಕೂಡಿ ತೀರ್ಮಾನಿಸಲಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ನಿಜಗುಣಪ್ಪನ ಎದುರು ದುಂಡಪ್ಪ ತನ್ನ ಹೆಸರು ಕೊಟ್ಟ. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಸಭೆಯ ದಿನ ಮುಂಜಾನೆ ಸಾಹುಕಾರನ ಬಂಟ ರಾಯಪ್ಪ ಬೇವಿನ ಮರದ ಹತ್ತಿರ ಬಂದ.

“ಬುಟ್ಟಿ ಪೂರಾ ಭಂಡಾರ ಕೊಡವಾ. ಸಾವಕಾರ್ರು ಆರಿಸಿ ಬಂದಾರ, ಮ್ಯಾಲ ತೂರಬೇಕು.”

“ಸಭಾನ ಇನ್ನಾ ಆಗಿಲ್ಲಲ್ಲೋ?”

“ಆಗೂದೇನೈತಿ? ಎಲ್ಲಾ ಆಗೇ ಹೋಗೇತಿ.”

ಸಾವಂತ್ರೆವ್ವನಿಗೆ ಮೈಯೆಲ್ಲ ಉರಿಯಿತು. ಎಲ್ಲ ಆಗಿಹೋಗಿದ್ದರೆ ತನ್ನನ್ನು ಕರೆದದ್ದು ಯಾತಕ್ಕೆ, ಜಮಖಾನೆ ತುಂಬಿಸುವುದಕ್ಕೆ?

“ಆರಿಸಿ ಬಂದ ಮ್ಯಾಲ ಕೊಡತೇನಿ. ಬುಟ್ಟಿ ಅಲ್ಲಿಗೇ ತರತೇನಿ. ಈಗ ಒಂದು ಚಿಟಿಕಿನೂ ಇಲ್ಲ.”

“ಕುಂತ ನೆಲ ಯಾರದು ಅನ್ನೂದು ನೆನಪಿರ್ಲಿ,” ಎಂದು ರಾಯಪ್ಪ ಹೊರಟುಹೋದ.

ಬಸ್ಸಿನಲ್ಲಿ ಗಂಡ ಪರಪ್ಪನದೂ ಅದೇ ರಾಗ. “ದುಂಡಪ್ಪ ಸೋಲಾಂವ. ಅವಂಗ ಕೈ ಎತ್ತಿದ್ರ ಮತ ಹಾಳ. ಮ್ಯಾಲ ಕುಂಡ್ರೂ ಜಾಗಾನೂ ಹೋಕ್ಕೇತಿ.”

“ಗೆಲ್ಲಾಂವಗ ನನ್ನ ಕೈ ಯಾಕ ಬೇಕು? ಅಂವ ನನ್ನ ಕೇಳದನ ಗೆದ್ದಾನ. ನಮ್ಮ ಕೊಡದ ಸುದ್ದಿ ಎತ್ತಿದಾಂವ ದುಂಡಪ್ಪ ಒಬ್ಬನ. ಅವಂಗ ನಾನೂ ಕೈ ಎತ್ತಲಿಲ್ಲಂದ್ರ ನಾಳಿಗೆ ಯಾರು ಬಾಯಿ ತೆಗೀತಾರ?”

ಸಭೆಯಲ್ಲಿ ನಿಜಗುಣಪ್ಪನ ಹೆಸರು ಕರೆದಾಗ ಎದ್ದ ಕೈಗಳಿಗೆ ಲೆಕ್ಕವಿರಲಿಲ್ಲ. ಪರಪ್ಪನ ಕೈಯೂ ಅದರಲ್ಲಿತ್ತು. ಹೆಸರು ಕೊಟ್ಟವರು ತಾವೇ ಕೈ ಎತ್ತುವಂತಿರಲಿಲ್ಲ. ದುಂಡಪ್ಪನ ಹೆಸರು ಕರೆದಾಗ ಎದ್ದದ್ದು ಒಂದೇ ಕೈ. ಅದು ಯಾರದೆಂದು ಮುಖ ನೋಡಿ ತಿಳಿಯಬೇಕಾಗಿರಲಿಲ್ಲ, ಅಂಗೈ ಹಳದಿಯಿತ್ತು.

ಜನ ಗೊಳ್ಳೆಂದರು. ಅಧ್ಯಕ್ಷರು ಮಾತ್ರ ನಗಲಿಲ್ಲ. ಎದ್ದು ಬಂದು ಮೆಲ್ಲಗೆ, “ಯವ್ವಾ, ಆ ಕೈ ಒಂದೀಟು ಇಳಸು. ಸರ್ವಾನುಮತ ಅಂತ ಬೆಂಗಳೂರಿಗೆ ತಿಳಿಸಬೇಕಾಗೇತಿ. ಒಬ್ಬರು ಒಲ್ಲೆ ಅಂದಾರ ಅಂದ್ರೂ ಅಲ್ಲಿಯವರು ಯಾಕ ಅಂತ ಕೇಳತಾರ,” ಅಂದರು.

ಆಹಾ! ನಳ ಯಾರ ಹಿತ್ತಲಲ್ಲಿದೆ ಎಂದು ಇಷ್ಟು ವರ್ಷ ಕೇಳದ ಬೆಂಗಳೂರು ಈಗ ಕೇಳುತ್ತದಂತೆ. ನಿಜಗುಣಪ್ಪನೂ ಎದ್ದು ಬಂದ. ಎಂದೂ ಅವಳ ಮುಖ ನೋಡಿ ಮಾತಾಡದ ಮನುಷ್ಯ ಕೈ ಮುಗಿದು, “ಬೇವಿನ ಬುಡಕ್ಕ ತಗಡಿನ ಶೆಡ್ ಹಾಕಿಸಿ ಕೊಡತೇನಿ, ನಮ್ಮವ್ವಾ,” ಅಂದ.

“ಮುಂಜಾನಿಂದ ಎಲ್ಲಾರೂ ನನ್ನ ಮತ ಹಾಳ ಅಂದ್ರಿ,” ಸಾವಂತ್ರೆವ್ವನ ದನಿ ಇಡೀ ಸಭೆಗೆ ಕೇಳಿಸಿತು. “ಹಾಳಾದ ಮತಕ್ಕ ಇಷ್ಟ್ಯಾಕ ಕೈ ಮುಗೀತೀರಿ, ಸಾವಕಾರ್ರ?”

ಎಡಗೈಯಿಂದ ಬುಟ್ಟಿಯನ್ನು ಅವನ ಮುಂದೆ ತಳ್ಳಿದಳು. “ಗೆದ್ದೀರಿ, ಭಂಡಾರ ತಗೋರಿ. ಸರ್ವಾನುಮತ ಇದರಾಗ ಇಲ್ಲ.” ಬಲಗೈ ಎತ್ತಿದಂತೆಯೇ ಇತ್ತು.

ಮುಂದಿನ ಹುಣ್ಣಿಮೆಗೆ ಬೇವಿನ ಬುಡಕ್ಕೆ ಮುಳ್ಳುಬೇಲಿ ಬಿದ್ದಿತ್ತು. ಸಾವಂತ್ರೆವ್ವ ದಾರಿಯ ಈಚೆ ಬದಿಗೆ ಸುಡುಬಿಸಿಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಳು. ನೀರಿಗೆ ಹೊರಟಿದ್ದ ಕೇರಿಯ ಹೆಂಗಸರು ಬೇಲಿಯನ್ನೂ ಅವಳನ್ನೂ ನೋಡುತ್ತ ನಿಂತರು. ನೆರೆಮನೆಯ ಕೃಷ್ಣವ್ವ ಖಾಲಿ ಕೊಡವನ್ನು ಅವಳ ಪಕ್ಕಕ್ಕಿಟ್ಟು ಕುಳಿತಳು.

“ಮುಂದಿನ ಸಭಾ ಯಾವಾಗ ಐತಿ?” ಅಂದಳು. “ನಾನೂ ಬರತೇನಿ.”